ಕಾದ ಬಂಡೆಗಳ ಊರಿಗೆ ಬಂದ ಸೈಕ್ಲಮೆನ್

ಕಡ್ಡಿರಾಂಪುರದಲ್ಲಿ ಚಳಿಗೆ ಸತ್ತ ಗಿಡವನ್ನು ನಾನು ಈವರೆಗೆ ನೋಡಿಲ್ಲ. ಬಿಸಿಲಿಗೆ ಸತ್ತವು ಬೇಕಾದಷ್ಟಿವೆ. ದನ ಮೇಯ್ದವು, ಕೋತಿ ಕಿತ್ತೆಸೆದವು, ಕಾಲುವೆಗೆ ನೀರು ನಿಂತಾಗ ಒಣಗಿದವು, ನೀರು ಬಂದಾಗ ಕೊಳೆತವು, ಎಲ್ಲವೂ ಇವೆ. ಚಳಿಗೆ ಮಾತ್ರ ಒಂದೂ ಇಲ್ಲ. ಡಿಸೆಂಬರ್ ಕೊನೆಗೆ, ಜನವರಿಯ ನಸುಕಿನಲ್ಲಿ ಇಲ್ಲಿ 14–15 ಡಿಗ್ರಿಗೆ ಇಳಿದರೆ ನಾವು ಕಿವಿಗೆ ಮಫ್ಲರ್ ಸುತ್ತಿಕೊಂಡು, ರಸ್ತೆ ಬದಿ ಒಣಗರಿ ಹಚ್ಚಿ ಕೈ ಕಾಸುತ್ತೇವೆ. ಅದೇ ದಿನ ಮಧ್ಯಾಹ್ನ 30 ಡಿಗ್ರಿ. ಏಪ್ರಿಲ್ ಬಂತೆಂದರೆ 40 ದಾಟುತ್ತದೆ. ಅದಾದ ಮೇಲೆ ಸೂರ್ಯ ಮುಳುಗಿದರೂ ಬಿಡುವಿಲ್ಲ. ಹಗಲೆಲ್ಲ ಕುಡಿದ ಕಾವನ್ನು ಬಂಡೆಗಳು ರಾತ್ರಿ ಬಿಡುತ್ತಾ ಕೂರುತ್ತವೆ.

ಇಂಥ ಊರಿನಲ್ಲಿ ಕೂತು ನಾನು ಸೈಕ್ಲಮೆನ್ ಬಗ್ಗೆ, ಅದೂ ಅದರ ಯಾವ ಜಾತಿ ಎಷ್ಟು ಚಳಿ ತಾಳುತ್ತದೆ ಎಂಬ ಬಗ್ಗೆ ಬರೆಯುತ್ತಿದ್ದೇನೆಂದರೆ ನಗಬೇಡಿ. ಕಾರಣವಿದೆ.

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಅನಂತಶಯನಗುಡಿ ದಾಟಿದ ಮೇಲೆ ನಮ್ಮೂರು. ಸುತ್ತ ಬಾಳೆ, ಕಬ್ಬು, ಭತ್ತ. ಊರಾಚೆ ಗುಮ್ಮಟದ ಹಳೆಯ ಗೋರಿಗಳು. 2011ರಲ್ಲಿ ಹಂಪಿ ಬಜಾರಿನಿಂದ ಎಬ್ಬಿಸಿದ ಕುಟುಂಬಗಳಿಗೆ ಜಾಗ ತೋರಿಸಿದ್ದು ನಮ್ಮೂರ ಬಳಿಯೇ. ಈಗ ಈ ಕಡೆ ಹೋಮ್‌ಸ್ಟೇ, ಲಾಡ್ಜು, ರೆಸಾರ್ಟು ಎಂದು ಹೊರಗಿನವರಿಗೆ ಮಲಗಲು ಮನೆಗಳಿವೆ. ಮನೆ ಹಿಂದೆ ನನ್ನದೊಂದು ಸಣ್ಣ ನರ್ಸರಿ. ದಾಸವಾಳ, ಕಣಗಿಲೆ, ಕಾಗದದ ಹೂ, ಮಲ್ಲಿಗೆ, ಕ್ರೋಟನ್ನು. ಹೊಟ್ಟೆ ತುಂಬಿಸುವುದು ಇವೇ. ಆದರೆ ಪ್ರವಾಸಿಗರು ಬರುವುದು ನವೆಂಬರಿನಿಂದ ಫೆಬ್ರವರಿವರೆಗೆ. ಆಗ ಮಾಲೀಕರೆಲ್ಲ ಬಂದು, ‘ಅಕ್ಕಾ, ದಾಸವಾಳ ಸಾಕು, ಏನಾದರೂ ಬೇರೆ ತರದ್ದು ಕೊಡಿ’ ಅನ್ನುತ್ತಾರೆ. ಆ ಬೇರೆ ತರದ್ದರಲ್ಲಿ ಒಂದು, ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಕೂತು ಬರುವ ಸೈಕ್ಲಮೆನ್. ನಾಲ್ಕು ಗುಲಾಬಿ ಗಿಡ ಬರುವ ದುಡ್ಡಿಗೆ ಇದೊಂದು ಕುಂಡ.

ಕಂಡಿಲ್ಲದವರಿಗೆ ಹೇಳುತ್ತೇನೆ. ಎಲೆ ಹೃದಯದ ಆಕಾರ, ಕಡು ಹಸಿರು, ಅದರ ಮೇಲೆ ಬೆಳ್ಳಿ ಬಣ್ಣದ ಚಿತ್ತಾರ. ಎಲೆಗಳ ನಡುವಿನಿಂದ ಒಂದೊಂದು ದಂಟಿಗೆ ಒಂದೊಂದು ಹೂ. ಹೂವಿನ ಮುಖ ನೆಲದ ಕಡೆ. ಎಸಳು ಐದೂ ಹಿಂದಕ್ಕೆ ಮಡಚಿಕೊಂಡು ಆಕಾಶದ ಕಡೆ ನಿಲ್ಲುತ್ತವೆ. ಬಿಳಿ, ಗುಲಾಬಿ, ಕೆಂಪು, ನೇರಳೆಗೆಂಪು. ಮಣ್ಣಿನಲ್ಲಿ ಗೆಡ್ಡೆ, ರೊಟ್ಟಿ ತಟ್ಟುವ ಮೊದಲು ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿದ ಜೋಳದ ಹಿಟ್ಟಿನ ಉಂಡೆಯ ಹಾಗೆ. ಈ ಗೆಡ್ಡೆಯನ್ನು ಡೇರೆ ಗೆಡ್ಡೆಯಂತೆ ಬಿಡಿಸಿ ನೆಡಲಾಗದು. ಮರಿ ಹಾಕುವುದಿಲ್ಲ. ಬೀಜದ ಮೊಳಕೆಯ ಬುಡವೇ ಊದಿಕೊಂಡು ಗೆಡ್ಡೆಯಾಗುತ್ತದೆ, ಬದುಕಿದಷ್ಟು ವರ್ಷವೂ ಅದೇ ಒಂದು ಅಗಲವಾಗುತ್ತ ಹೋಗುತ್ತದೆ.

ನನ್ನ ಅಕ್ಕನ ಮಗಳು ಮದುವೆಯಾಗಿ ಎಡಿನ್‌ಬರೋದಲ್ಲಿದ್ದಾಳೆ. ಒಂದು ಫೆಬ್ರವರಿಯಲ್ಲಿ ಅವಳು ಫೋನಿಗೆ ಚಿತ್ರ ಕಳಿಸಿದಳು. ಹಿಮ ಬಿದ್ದ ನೆಲ, ಅದರ ನಡುವೆ ಗುಲಾಬಿ ಬಣ್ಣದ ಪುಟ್ಟ ಹೂಗಳು ತಲೆ ಎತ್ತಿವೆ. ‘ಚಿಕ್ಕಮ್ಮ, ಇದು ನಿನ್ನ ಸೈಕ್ಲಮೆನ್’ ಎಂದು ಬರೆದಿದ್ದಳು. ಅದೇ ವಾರ ನಮ್ಮಲ್ಲಿನ ಒಂದು ಲಾಡ್ಜಿನ ಹಜಾರದಲ್ಲಿ ಅದೇ ಹೆಸರಿನ ಗಿಡ ಎಲೆ ಹಳದಿ ಮಾಡಿಕೊಂಡು ಕುಸಿದು ಬಿದ್ದಿತ್ತು. ಒಂದು ಹಿಮದಲ್ಲಿ ಹೂ ಬಿಡುತ್ತದೆ, ಇನ್ನೊಂದು ಫ್ಯಾನಿನ ಕೆಳಗೂ ಉಳಿಯುವುದಿಲ್ಲ. ಇವೆರಡೂ ಒಂದೇ ಗಿಡವೇ ಎಂಬ ಪ್ರಶ್ನೆ ನನಗೆ ಹತ್ತಿಕೊಂಡಿದ್ದು ಅಲ್ಲಿಂದ.

ಒಂದೇ ಕುಲ, ಬೇರೆ ಬೇರೆ ಜಾತಿ. ಸೈಕ್ಲಮೆನ್ ಕುಲದಲ್ಲಿ ಇಪ್ಪತ್ತಕ್ಕೂ ಸ್ವಲ್ಪ ಹೆಚ್ಚು ಜಾತಿಗಳಿವೆ. ಹೆಚ್ಚಿನವಕ್ಕೆ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನೆಲ: ಟರ್ಕಿ, ಗ್ರೀಸ್, ಇಟಲಿ, ಸೈಪ್ರಸ್, ಲೆಬನಾನ್, ಉತ್ತರ ಆಫ್ರಿಕಾದ ಅಂಚು. ಕೆಲವು ಆಲ್ಪ್ಸ್ ಬೆಟ್ಟದವರೆಗೂ, ಕೆಲವು ಕಪ್ಪು ಸಮುದ್ರ ಮತ್ತು ಕಾಕಸಸ್ ಕಡೆಗೂ ಹಬ್ಬಿವೆ. ನಮ್ಮ ಅಂಗಡಿಗಳಿಗೆ ಕುಂಡದಲ್ಲಿ ಬರುವುದು ಇವುಗಳಲ್ಲಿ ಒಂದೇ ಒಂದು, ಸೈಕ್ಲಮೆನ್ ಪರ್ಸಿಕಂ. ಹದಿನೇಳನೇ ಶತಮಾನದಲ್ಲಿ ಯುರೋಪಿನ ತೋಟಗಳಿಗೆ ಹೋದದ್ದು, ಹತ್ತೊಂಬತ್ತನೆಯದರಲ್ಲಿ ಅಲ್ಲಿನ ತೋಟಗಾರರು ಆರಿಸಿ ಆರಿಸಿ ಹೂವನ್ನು ದೊಡ್ಡದು ಮಾಡಿದರು. ಹೂ ದೊಡ್ಡದಾದಂತೆ ಪರಿಮಳ ಹೋಯಿತು. ಈಗ ಸಣ್ಣ ಹೂವಿನ ಕೆಲವು ತಳಿಗಳಲ್ಲಿ ಪರಿಮಳ ಮತ್ತೆ ಬಂದಿದೆ. ಕೊಳ್ಳುವಾಗ ಮೂಸಿ ನೋಡಿ ಕೊಳ್ಳಿ.

ಚಳಿ ತಾಳುವ ಲೆಕ್ಕದಲ್ಲಿ ಈ ಪರ್ಸಿಕಂ ಬಡಪಾಯಿ. ಲೆಬನಾನ್, ಸೈಪ್ರಸ್ ಬೆಟ್ಟಗಳಲ್ಲಿ ಕಾಡಿನಲ್ಲಿ ಬೆಳೆದದ್ದು ಒಂದು ರಾತ್ರಿಯ ಮಟ್ಟಿಗೆ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿನದನ್ನು ಹೇಗೋ ತಡೆದುಕೊಳ್ಳಬಹುದು. ಗಾಜಿನ ಮನೆಯಲ್ಲಿ ಮುದ್ದಾಗಿ ಬೆಳೆಸಿದ ದೊಡ್ಡ ಹೂವಿನ ತಳಿಗಳಿಗೆ ಅದೂ ಆಗದು. ನೀರು ಹೆಪ್ಪುಗಟ್ಟುವ ಚಳಿ ಬಿದ್ದರೆ ಎಲೆ ಬೆಂದ ಸೊಪ್ಪಾಗಿ ಬಿಡುತ್ತದೆ, ಗೆಡ್ಡೆಯೂ ಮೆತ್ತಗಾಗುತ್ತದೆ. ಬ್ರಿಟನ್ನಿನಲ್ಲಿ ಶರತ್ಕಾಲಕ್ಕೆ ಬಾಲ್ಕನಿಗೆ ಇಡಲೆಂದು ಮಾರುವ ಸಣ್ಣ ಹೂವಿನ ಪರ್ಸಿಕಂಗಳು ಇವಕ್ಕಿಂತ ಸ್ವಲ್ಪ ಗಟ್ಟಿ. ಅವೂ ಚಳಿಗಾಲ ಪೂರ್ತಿ ಹೊರಗೆ ಉಳಿಯುವುದಿಲ್ಲ.

ನಮ್ಮ ಹುಡುಗಿ ಕಳಿಸಿದ ಚಿತ್ರದಲ್ಲಿದ್ದುದು ಸೈಕ್ಲಮೆನ್ ಕೋಮ್. ಬಲ್ಗೇರಿಯಾ, ಟರ್ಕಿ, ಕಾಕಸಸ್ ಕಡೆಯದು. ಎಲೆ ದುಂಡಗೆ ಚಿಕ್ಕದು, ಗಿಡವೇ ಬೆರಳುದ್ದ. ಇದು ಹೂ ಬಿಡುವುದೇ ಜನವರಿಯಿಂದ ಮಾರ್ಚ್ ಒಳಗೆ, ಅಂದರೆ ಎಡಿನ್‌ಬರೋದಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುತ್ತಿದ್ದ ತಿಂಗಳುಗಳು ಕಳೆಯುತ್ತಿದ್ದಂತೆ. ಇದರ ಜೊತೆಗಾರ ಹೆಡರಿಫೋಲಿಯಂ. ಆಗಸ್ಟ್ ಕೊನೆಗೆ ಬರಿ ನೆಲದಿಂದ ಎಲೆಯಿಲ್ಲದೆ ಹೂ ಎದ್ದು ಬರುತ್ತದೆ, ಆಮೇಲೆ ಎಲೆ. ಎಲೆ ಚಳಿಗಾಲವೆಲ್ಲ ಉಳಿದು ಬೇಸಿಗೆ ಬರುವಾಗ ಮಾಯ. ಇವೆರಡೂ ಮೈನಸ್ 10, ಮೈನಸ್ 15 ಡಿಗ್ರಿಯವರೆಗೆ ಬಯಲಿನಲ್ಲೇ ತಾಳುತ್ತವೆ. ಇವಕ್ಕಿಂತಲೂ ಗಟ್ಟಿ ಎಂದರೆ ಆಲ್ಪ್ಸ್ ಕಡೆಯ ಪರ್ಪುರಾಸೆನ್ಸ್. ಇದು ಎಲ್ಲದರಲ್ಲೂ ಉಲ್ಟಾ: ಬೇಸಿಗೆಯಲ್ಲಿ ಹೂ, ಒಳ್ಳೆಯ ಪರಿಮಳ, ಎಲೆ ಬಹುಪಾಲು ವರ್ಷವೆಲ್ಲ. ಹಿಮದ ಹೊದಿಕೆ ದಪ್ಪಗಿದ್ದರೆ ಮೈನಸ್ 20ರ ನಾಡಿನಲ್ಲೂ ಬದುಕುತ್ತದೆ.

ಹಿಮದ ಹೊದಿಕೆ ಎಂದರೆ ನಮಗೆ ವಿಚಿತ್ರ ಅನ್ನಿಸುತ್ತದೆ. ಆದರೆ ಹಿಮದ ತುಂಬ ಇರುವುದು ಸಿಕ್ಕಿಕೊಂಡ ಗಾಳಿ. ಮೇಲೆ ಮೈನಸ್ 15 ಇದ್ದರೂ ಗೇಣುದ್ದ ಹಿಮದ ಕೆಳಗಿನ ಮಣ್ಣು ಸೊನ್ನೆಯ ಆಸುಪಾಸಿನಲ್ಲೇ ಉಳಿದಿರುತ್ತದೆ. ಹಿಮ ಬೀಳದೆ ಬರಿ ಒಣ ಚಳಿಗಾಳಿ ಬೀಸಿದ ವರ್ಷವೇ ಗೆಡ್ಡೆಗಳಿಗೆ ಕೆಟ್ಟದ್ದು. ಎಲೆಗಳ ಕಥೆ ಇನ್ನೂ ಸೊಗಸು. ಚಳಿ ಬಿದ್ದ ಬೆಳಿಗ್ಗೆ ಕೋಮ್‌ನ ಎಲೆ ಕಪ್ಪಾಗಿ ನೆಲಕ್ಕೆ ಅಂಟಿ ಮಲಗಿರುತ್ತದಂತೆ. ಸತ್ತೇ ಹೋಯಿತು ಅಂದುಕೊಳ್ಳಬೇಕು. ಹತ್ತು ಗಂಟೆಗೆ ಬಿಸಿಲು ತಾಗಿದರೆ ಎದ್ದು ನಿಂತಿರುತ್ತದೆ. ಚಳಿ ಹೆಚ್ಚಿದಂತೆ ಜೀವಕೋಶದೊಳಗಿನ ನೀರು ಹೊರಗಿನ ಸಂದಿಗಳಿಗೆ ಸರಿದು ಅಲ್ಲಿ ಹೆಪ್ಪುಗಟ್ಟುತ್ತದೆ. ಒಳಗೆ ಉಳಿದ ರಸದಲ್ಲಿ ಸಕ್ಕರೆ ಗಟ್ಟಿಯಾಗಿರುವುದರಿಂದ ಅದು ಸುಲಭಕ್ಕೆ ಹೆಪ್ಪಾಗುವುದಿಲ್ಲ. ಕೋಶದ ಪೊರೆಯನ್ನು ಒಳಗಿನಿಂದ ಹರಿಯುವ ಹರಳು ಹುಟ್ಟದಿದ್ದರೆ ಗಿಡ ಬದುಕಿತು. ಪರ್ಸಿಕಂಗೆ ಈ ವಿದ್ಯೆ ಅಷ್ಟಾಗಿ ಬಾರದು.

ನಡುವಿನ ಜಾತಿಗಳೂ ಇವೆ. ದಕ್ಷಿಣ ಟರ್ಕಿಯ ಸಿಲಿಸಿಯಂ, ಮಿರಾಬಿಲೆ ಸ್ವಲ್ಪ ಮಟ್ಟಿಗೆ ತಾಳುತ್ತವೆ. ವಸಂತದಲ್ಲಿ ಹೂ ಬಿಡುವ ರೆಪಾಂಡಂ ಮರದ ಮರೆ ಇದ್ದರೆ ಉಳಿಯುತ್ತದೆ. ಲಿಬಿಯಾದ ರೋಲ್ಫ್ಸಿಯಾನಂ, ಟ್ಯುನೀಷಿಯಾ ಅಲ್ಜೀರಿಯಾದ ಆಫ್ರಿಕಾನಂ ಇವಕ್ಕೆ ಹೆಪ್ಪುಗಟ್ಟುವ ಚಳಿ ತಾಗಲೇಕೂಡದು. ನಾನು ಹೆಚ್ಚು ಹೊತ್ತು ಯೋಚಿಸಿದ್ದು ಗ್ರೀಸಿನ ಗ್ರೇಕಂ ಬಗ್ಗೆ. ಕಲ್ಲು ಸಂದಿಯಲ್ಲಿ ಆಳಕ್ಕೆ ಗೆಡ್ಡೆ ಇಳಿಸಿ, ದಪ್ಪ ಬೇರು ಬಿಟ್ಟು ಕೂರುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ಚೆನ್ನಾಗಿ ಕಾಯದಿದ್ದರೆ ಹೂವನ್ನೇ ಬಿಡುವುದಿಲ್ಲವಂತೆ. ಕಲ್ಲು, ಬಿಸಿಲು, ಒಣಹವೆ ಎಂದರೆ ಅದು ನಮ್ಮೂರೇ ಅಲ್ಲವೇ ಎಂದುಕೊಂಡೆ.

ಅಲ್ಲ. ಏಕೆಂದು ಹೇಳಬೇಕಾದರೆ ಚಳಿ ಬಿಸಿಲು ಎರಡನ್ನೂ ಪಕ್ಕಕ್ಕಿಟ್ಟು ಮಳೆಯ ಲೆಕ್ಕ ಹಾಕಬೇಕು.

ಮೆಡಿಟರೇನಿಯನ್ ನಾಡುಗಳಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಅಕ್ಟೋಬರಿನಲ್ಲಿ ಶುರು, ಏಪ್ರಿಲ್ ಹೊತ್ತಿಗೆ ಮುಗಿಯಿತು. ಮೇಯಿಂದ ಸೆಪ್ಟೆಂಬರಿನವರೆಗೆ ಹನಿ ಇಲ್ಲ. ಹಾಗಾಗಿ ಅಲ್ಲಿನ ಸೈಕ್ಲಮೆನ್ ಚಳಿಯಲ್ಲಿ ದುಡಿದು ಬೇಸಿಗೆಯಲ್ಲಿ ಮಲಗುತ್ತದೆ. ನಿದ್ದೆ ಬಿಸಿಲಿನದ್ದೇ, ಆದರೆ ಒಣ ನಿದ್ದೆ. ನಮ್ಮಲ್ಲಿ ಮಾರ್ಚ್, ಏಪ್ರಿಲ್, ಮೇ ಒಣ ಬಿಸಿಲು ಇರುವುದೇನೋ ನಿಜ. ಜೂನಿಗೆ ಮುಂಗಾರು ಬಂತು. ನಮ್ಮ ಬಯಲುಸೀಮೆಯಲ್ಲಿ ಅದು ಆಟ ಆಡಿಸಿ ಆಡಿಸಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಜೋರಾಗಿ ಹೊಯ್ಯುತ್ತದೆ. ಆಗಲೂ ಮಣ್ಣಿನ ಬಿಸಿ 28–30 ಡಿಗ್ರಿ. ಮಲಗಿದ ಗೆಡ್ಡೆಗೆ ಬೇರು ಕೆಲಸ ಮಾಡುತ್ತಿರುವುದಿಲ್ಲ, ನೀರು ಎಳೆಯುವ ಎಲೆ ಇಲ್ಲ. ಬೆಚ್ಚನೆಯ ಒದ್ದೆ ಮಣ್ಣಿನಲ್ಲಿ ಶಿಲೀಂಧ್ರ ಮಾತ್ರ ಎಚ್ಚರವಾಗಿರುತ್ತದೆ. ದೀಪಾವಳಿಗೆ ಅಗೆದು ನೋಡಿದರೆ ಸಿಗುವುದು ಸಿಪ್ಪೆ.

ಎಡಿನ್‌ಬರೋದಲ್ಲೂ ಸಾಯುವುದು ಹೀಗೆಯೇ ಎಂದು ಗೊತ್ತಾದಾಗ ನನಗೆ ಎಲ್ಲ ಸರಿಹೊಂದಿತು. ಅಕ್ಕನ ಮಗಳ ತೋಟದಲ್ಲಿ ಮರದ ಬುಡದ ಇಳಿಜಾರಿನಲ್ಲಿ ನೆಟ್ಟ ಕೋಮ್ ಚೆನ್ನಾಗಿವೆ. ಹಿಂದಿನ ಮನೆಯವರು ಹುಲ್ಲುಹಾಸಿನ ತಗ್ಗಿನಲ್ಲಿ ನೆಟ್ಟಿದ್ದ ಅದೇ ಕೋಮ್ ಒಂದೊಂದಾಗಿ ಹೋದವು. ಚಳಿ ಎರಡಕ್ಕೂ ಒಂದೇ. ತಗ್ಗಿನಲ್ಲಿ ನೀರು ನಿಂತಿತ್ತು, ಅಷ್ಟೇ ವ್ಯತ್ಯಾಸ. ಮೈನಸ್ 15 ತಾಳುತ್ತದೆ ಎಂದು ಪುಸ್ತಕದಲ್ಲಿ ಬರೆದಿರುವುದು ನೀರು ಬಸಿದು ಹೋಗುವ ಮಣ್ಣಿನ ಮಾತು. ಜೌಗು ಮಣ್ಣಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಚಳಿಯೂ ಸಾಕು ಕೊಲ್ಲಲು. ಅದಕ್ಕೇ ಅಲ್ಲಿನ ತಿಳಿದವರು ಸೈಕ್ಲಮೆನ್ನನ್ನು ಎಲೆ ಉದುರಿಸುವ ದೊಡ್ಡ ಮರದ ಬುಡದಲ್ಲಿ ನೆಡುತ್ತಾರೆ. ಚಳಿಗಾಲದಲ್ಲಿ ಮರ ಬೋಳು, ಕೆಳಗೆ ಬೆಳಕು. ಬೇಸಿಗೆಯಲ್ಲಿ ಮರವೇ ಮಣ್ಣಿನ ನೀರನ್ನೆಲ್ಲ ಹೀರಿ ಕೆಳಗಿನ ಗೆಡ್ಡೆಗೆ ಒಣ ಹಾಸಿಗೆ ಮಾಡಿಕೊಡುತ್ತದೆ.

ನೆಡುವಾಗ ಗೆಡ್ಡೆಯ ಮೇಲುಕೆಳಗು ನೋಡುವುದರಲ್ಲೂ ಜಾತಿ ಭೇದವಿದೆ. ಹೆಡರಿಫೋಲಿಯಂ ಬೇರು ಬಿಡುವುದು ಗೆಡ್ಡೆಯ ಮೇಲ್ಭಾಗ ಮತ್ತು ಪಕ್ಕದಿಂದ. ಹಾಗಾಗಿ ಅದರ ಮೇಲೆ ಎರಡು ಮೂರು ಬೆರಳಿನಷ್ಟಾದರೂ ಮಣ್ಣು ಇರಲೇಬೇಕು. ಕೋಮ್ ಅಡಿಯಿಂದ ಬೇರು ಬಿಡುತ್ತದೆ, ಅಷ್ಟು ಆಳ ಬೇಡ. ಕುಂಡದ ಪರ್ಸಿಕಂ ಮಾತ್ರ ಗೆಡ್ಡೆಯ ನೆತ್ತಿಯನ್ನು ಮಣ್ಣಿನ ಮೇಲೆ ತೋರಿಸಿಕೊಂಡಿರಬೇಕು. ನಮ್ಮಲ್ಲಿ ಅದನ್ನು ಕಂಡು ಪಾಪ ಎಂದು ಮಣ್ಣು ಮುಚ್ಚುವವರಿದ್ದಾರೆ. ಮುಚ್ಚಬೇಡಿ. ಚಳಿಯ ನಾಡಿನಲ್ಲಿ ಬದುಕುವ ಜಾತಿಗೆ ಮಣ್ಣು ಹೊದಿಕೆ, ಇದಕ್ಕೆ ಅದೇ ಕೊಳೆಯುವ ದಾರಿ.

ಹೂ ಬಾಡಿದ ಮೇಲೆ ಏನಾಗುತ್ತದೆ ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಹೆಚ್ಚಿನ ಜಾತಿಗಳಲ್ಲಿ ಕಾಯಿ ಕಟ್ಟಿದ ದಂಟು ಸುರುಳಿ ಸುತ್ತುತ್ತ ಕಾಯಿಯನ್ನು ನೆಲಕ್ಕೆ ತಂದು ಇಡುತ್ತದೆ. ಪರ್ಸಿಕಂ ಸುರುಳಿ ಸುತ್ತುವುದಿಲ್ಲ, ದಂಟು ಬಾಗಿಸುತ್ತದೆ ಅಷ್ಟೇ. ಕಾಯಿ ಒಡೆದಾಗ ಬೀಜಕ್ಕೆ ಸಿಹಿಯಾದ ಅಂಟು ಇರುತ್ತದೆ. ಇರುವೆಗಳು ಅದಕ್ಕಾಗಿ ಬೀಜವನ್ನು ಹೊತ್ತೊಯ್ದು, ಸಿಹಿ ತಿಂದು, ಬೀಜವನ್ನು ಗೂಡಿನ ಹತ್ತಿರ ಬಿಸಾಡುತ್ತವೆ. ಇರುವೆ ಎಂದರೆ ತಕ್ಷಣ ಪುಡಿ ಹಾಕುವವರಿಗೆ ನಾನು ಇದನ್ನು ಆಗಾಗ ಹೇಳುವುದುಂಟು.

ಇನ್ನು ಸೊಮಾಲಿಯಾದ ವಿಷಯ. ಸೈಕ್ಲಮೆನ್ ಎಂದರೆ ಮೆಡಿಟರೇನಿಯನ್ ಸುತ್ತಲಿನ ಗಿಡ ಎಂದು ಎಲ್ಲರೂ ಅಂದುಕೊಂಡಿದ್ದಾಗ, 1989ರಲ್ಲಿ ಸೊಮಾಲಿಯಾದ ಈಶಾನ್ಯ ತುದಿಯ ಬೆಟ್ಟಗಳಿಂದ ಹೊಸ ಜಾತಿಯೊಂದನ್ನು ಸಸ್ಯಶಾಸ್ತ್ರಜ್ಞರಾದ ಥುಲಿನ್ ಮತ್ತು ವರ್ಫಾ ಲೋಕಕ್ಕೆ ತಿಳಿಸಿದರು. ಹೆಸರು ಸೋಮಾಲೆನ್ಸ್. ಆ ಬೆಟ್ಟ ಇರುವುದು ಸಮಭಾಜಕದಿಂದ 11 ಡಿಗ್ರಿ ಉತ್ತರಕ್ಕೆ. ಹಂಪಿ ಇರುವುದು 15 ಡಿಗ್ರಿಯಲ್ಲಿ. ಅಂದರೆ ಭೂಮಿಯ ನಡುಗೆರೆಗೆ ನಮಗಿಂತ ಹತ್ತಿರದಲ್ಲಿ ಒಂದು ಸೈಕ್ಲಮೆನ್ ತಾನೇ ತಾನಾಗಿ ಬೆಳೆಯುತ್ತದೆ! ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅಲ್ಲಿ ಅದು ಇರುವುದು ಸಾವಿರ ಮೀಟರಿಗೂ ಮೇಲೆ, ಸುಣ್ಣಕಲ್ಲಿನ ಬೆಟ್ಟದ ಬಿಸಿಲು ಬೀಳದ ಉತ್ತರದ ಮಗ್ಗುಲಲ್ಲಿ. ಸಮುದ್ರದಿಂದ ಏರಿ ಬರುವ ಮಂಜು ಅದಕ್ಕೆ ನೀರು. ಆ ಮಂಜು ಬರುವುದು ತಂಪಿನ ತಿಂಗಳುಗಳಲ್ಲಿ.

ನನ್ನ ತಲೆ ಸೀದಾ ಓಡಿದ್ದು ಸೊಂಡೂರಿನ ರಾಮಗಡಕ್ಕೆ. ನಮ್ಮೂರಿಂದ ಕಣ್ಣಿಗೆ ಕಾಣುವ ದಿಕ್ಕಿನಲ್ಲೇ ಸೊಂಡೂರಿನ ಬೆಟ್ಟಸಾಲು. ರಾಮಗಡ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಮೇಲಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಬಳ್ಳಾರಿಯ ಬಿಸಿಲಿಗೆ ಬೆಂದ ಬ್ರಿಟಿಷ್ ಸೈನಿಕರಿಗೆ ಅಲ್ಲಿ ಆರೋಗ್ಯಧಾಮ ಮಾಡಿದ್ದರು. ಎತ್ತರ ನೂರು ಮೀಟರ್ ಏರಿದರೆ ಅರ್ಧ ಡಿಗ್ರಿಗೂ ಸ್ವಲ್ಪ ಹೆಚ್ಚು ತಂಪು. ನಮ್ಮೂರಿಗಿಂತ ಸುಮಾರು 500 ಮೀಟರ್ ಮೇಲಿರುವ ಅಲ್ಲಿ ಮೂರು ಡಿಗ್ರಿ ಕಡಿಮೆ ಇರಬೇಕು, ಗಾಳಿ ಬೇರೆ. ನೀಲಕುರುಂಜಿ ಬೆಳೆಯುವ ಬೆಟ್ಟಗಳು ಅವು. ಮೋಡ ಬೆಟ್ಟದ ಮೇಲೆ ಕೂತಿರುವುದನ್ನು ನಾನೇ ನೋಡಿದ್ದೇನೆ, ಮಂಜಿನಲ್ಲಿ ಮುಂದಿನ ಬೈಕು ಕಾಣಿಸುತ್ತಿರಲಿಲ್ಲ. ಆದರೆ ಅದು ಆಗಸ್ಟ್. ಜನವರಿಯಲ್ಲಿ ಹೋದರೆ ಹುಲ್ಲು ಒಣಗಿ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಹಾಗಿರುತ್ತದೆ. ಮತ್ತೆ ಅದೇ ತಕರಾರು: ತಂಪು ಇದ್ದಾಗ ನೀರಿಲ್ಲ, ನೀರಿದ್ದಾಗ ತಂಪಿಲ್ಲ. ಅಲ್ಲದೆ, ಗಣಿಯ ಕೆಂಪು ಧೂಳು ಕುಡಿದು ಉಳಿದಿರುವ ಆ ಕಾಡಿಗೆ ಹೊರಗಿನ ಗೆಡ್ಡೆ ತಂದು ನೆಡುವುದು ನನಗೆ ಒಪ್ಪಿಗೆಯೂ ಇಲ್ಲ. ಅಲ್ಲಿರುವುದೇ ಉಳಿದರೆ ಸಾಕಾಗಿದೆ.

ಅಲ್ಲಿರುವುದರಲ್ಲಿ ಮಲಗುವ ಗೆಡ್ಡೆಗಳೂ ಇವೆ. ಗೌರಿ ಹೂವನ್ನೇ ತಗೊಳ್ಳಿ. ಮಳೆ ನಿಂತ ಮೇಲೆ ಬಳ್ಳಿ ಒಣಗಿ, ಗೆಡ್ಡೆ ನೆಲದೊಳಗೆ ಚಳಿಗಾಲವನ್ನೂ ಬೇಸಿಗೆಯನ್ನೂ ಒಟ್ಟಿಗೆ ಕಳೆಯುತ್ತದೆ. ಮುಂಗಾರಿಗೆ ಮೊಳಕೆ, ಗೌರಿ ಹಬ್ಬದ ಆಚೀಚೆ ಬೇಲಿಯ ಮೇಲೆ ಕೆಂಪು ಹಳದಿ ಎಸಳು. ನೋಡಿ, ಇದರ ಎಸಳೂ ಸೈಕ್ಲಮೆನ್‌ನಂತೆ ಹಿಂದಕ್ಕೇ ಮಡಚಿಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರ ‘ವಿ’ ಆಕಾರದ ಗೆಡ್ಡೆಯ ತುದಿಯಲ್ಲಿ ಕಣ್ಣು. ಆ ತುದಿ ಮುರಿದರೆ ಮೊಳೆಯುವುದಿಲ್ಲ, ಅದಕ್ಕೆ ನಾನು ಗೆಡ್ಡೆ ಕೊಡುವಾಗ ಬಟ್ಟೆ ಸುತ್ತಿ ಕೊಡುತ್ತೇನೆ. ಕಾಡು ಈರುಳ್ಳಿ ಇನ್ನೊಂದು. ಬಿರುಬೇಸಿಗೆಯಲ್ಲಿ ಎಲೆಯಿಲ್ಲದ ಒಂಟಿ ದಂಟು ಕಲ್ಲುನೆಲದಿಂದ ಎದ್ದು ಹೂ ಬಿಡುತ್ತದೆ, ಎಲೆ ಬರುವುದು ಮಳೆಗೆ. ಹೆಡರಿಫೋಲಿಯಂ ಮಾಡುವ ಕೆಲಸವನ್ನೇ ಇದು ನಮ್ಮ ಪಂಚಾಂಗಕ್ಕೆ ಸರಿಯಾಗಿ ಮಾಡುತ್ತದೆ. ಇವನ್ನು ಎಡಿನ್‌ಬರೋಗೆ ಒಯ್ದು ಬಯಲಲ್ಲಿ ನೆಟ್ಟರೆ ಮೊದಲ ಚಳಿಗಾಲದಲ್ಲೇ ಕೊಳೆತು ಹೋಗುತ್ತವೆ. ಮಲಗುವ ಹೊತ್ತಿಗೆ ಅಲ್ಲಿ ಒದ್ದೆ.

ಅಕ್ಕನ ಮಗಳು ಊರಿಗೆ ಬರುವಾಗ ನಾಲ್ಕು ಕೋಮ್ ಗೆಡ್ಡೆ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರಲೇ ಎಂದು ಕೇಳಿದ್ದಳು. ಬೇಡ ಅಂದೆ. ಟರ್ಕಿಯ ಬೆಟ್ಟಗಳಿಂದ ಗೆಡ್ಡೆಗಳನ್ನು ಲಾರಿಗಟ್ಟಲೆ ಕಿತ್ತು ಮಾರಿದ ಕಾಲವೊಂದಿತ್ತು. ಅದಕ್ಕೇ ಇಡೀ ಸೈಕ್ಲಮೆನ್ ಕುಲ ಈಗ ಕಾಡಿನ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಗಡಿ ದಾಟಿಸಲು ಪರವಾನಗಿ ಬೇಕು. ನರ್ಸರಿಯಲ್ಲಿ ಬೆಳೆಸಿದ ಪರ್ಸಿಕಂ ತಳಿಗಳಿಗೆ ವಿನಾಯಿತಿ ಇದೆ, ಆದರೆ ಮಲಗಿರುವ ಗೆಡ್ಡೆಯಾಗಿ ಸಾಗಿಸಿದರೆ ಆ ವಿನಾಯಿತಿಯೂ ಇಲ್ಲ. ಇದರ ಮೇಲೆ ನಮ್ಮ ದೇಶದ ಸಸ್ಯ ಕ್ವಾರಂಟೈನ್ ನಿಯಮ ಬೇರೆ: ಆಮದು ಪರವಾನಗಿ, ರೋಗವಿಲ್ಲವೆಂಬ ಪ್ರಮಾಣಪತ್ರ. ಒಂದು ಹೂವಿನ ಆಸೆಗೆ ಕಾಣದ ಹುಳವೊಂದನ್ನು ತಂದು ನಮ್ಮ ಕಡೆಯ ಗದ್ದೆಗೆ ಬಿಡುವುದು ಬೇಕಿಲ್ಲ.

ಹಾಗಾದರೆ ನಮಗೆ ಉಳಿದಿರುವುದು ಬೆಂಗಳೂರಿನ ಕುಂಡದ ಪರ್ಸಿಕಂ, ಚಳಿಗಾಲದ ಮೂರು ತಿಂಗಳು. ಚಳಿ ತಾಳದ ಈ ಬಡಪಾಯಿಗೆ ನಮ್ಮ ಚಳಿಗಾಲದ ರಾತ್ರಿ ಹೇಳಿ ಮಾಡಿಸಿದ ಹಾಗಿದೆ ಎಂಬುದು ಮೋಜಿನ ಸಂಗತಿ. ಅದಕ್ಕೆ ಬೇಕಾದ್ದು ರಾತ್ರಿ 10ರಿಂದ 15 ಡಿಗ್ರಿ, ಹಗಲು 20ರ ಆಸುಪಾಸು. ರಾತ್ರಿ ಸಿಗುತ್ತದೆ. ಹಗಲು ಸಿಗುವುದಿಲ್ಲ, ಅದನ್ನು ನಾವು ಮಾಡಿಕೊಡಬೇಕು. ಹಗಲೆಲ್ಲ 27–28 ಡಿಗ್ರಿಗೆ ಮೇಲೆಯೇ ಇದ್ದರೆ ಮೊಗ್ಗು ಕಟ್ಟುವುದು ನಿಲ್ಲುತ್ತದೆ, ಎಲೆ ಹಳದಿಯಾಗಿ ಗಿಡ ಮಲಗಲು ಹೊರಡುತ್ತದೆ.

ಉತ್ತರಕ್ಕೆ ಮುಖವಿರುವ ಪಡಸಾಲೆ ಒಳ್ಳೆಯದು. ಬೆಳಕು ಬೇಕು, ಮಧ್ಯಾಹ್ನದ ಬಿಸಿಲು ಬೇಡ. ಆರ್‌ಸಿಸಿ ತಾರಸಿಯ ಮೇಲೆ, ಕಾಂಪೌಂಡ್ ಗೋಡೆಯ ಮೇಲೆ ಇಡಲೇಬೇಡಿ. ನಾನು ತಟ್ಟೆಗೆ ಮರಳು ತುಂಬಿ, ಮರಳನ್ನು ಒದ್ದೆ ಮಾಡಿ, ಅದರ ಮೇಲೆ ಮಣ್ಣಿನ ಕುಂಡ ಇಡುತ್ತೇನೆ. ನೀರು ಆರುತ್ತ ಆರುತ್ತ ಸುತ್ತ ಒಂದೆರಡು ಡಿಗ್ರಿ ಇಳಿಯುತ್ತದೆ. ಪ್ಲಾಸ್ಟಿಕ್ ಕುಂಡದಲ್ಲಿ ಬಂದದ್ದನ್ನು ಹೂ ಇರುವಾಗ ಬೇರೆ ಕುಂಡಕ್ಕೆ ಬದಲಿಸಬೇಡಿ, ಪ್ಲಾಸ್ಟಿಕ್ಕನ್ನೇ ಮಣ್ಣಿನ ಕುಂಡದೊಳಗೆ ಇಳಿಸಿದರಾಯಿತು. ಸಾಯಂಕಾಲ ಹೊರಗೆ ಇಟ್ಟು ಬೆಳಿಗ್ಗೆ ಎಂಟಕ್ಕೆ ಒಳಗೆ ತರುವವರ ಮನೆಯಲ್ಲಿ ಶಿವರಾತ್ರಿಯವರೆಗೂ ಹೂ ನೋಡಿದ್ದೇನೆ. ಎ.ಸಿ. ರೂಮಿನಲ್ಲಿಟ್ಟರೆ ಆಗದೇ ಎಂದು ಕೇಳುತ್ತಾರೆ. ಆಗಬಹುದು, ಗಾಳಿ ನೇರ ಬಡಿಯಬಾರದು, ರೂಮು ಕತ್ತಲಿರಬಾರದು. ಹೋಟೆಲಿನ ರೂಮುಗಳಲ್ಲಿ ಎರಡೂ ಇರುತ್ತವೆ.

ನೀರು ಹಾಕುವುದರಲ್ಲೇ ಹೆಚ್ಚಿನ ಗಿಡ ಹೋಗುವುದು. ನಮ್ಮ ಹುಡುಗರಿಗೆ ಗಿಡ ಅಂದರೆ ಬೆಳಿಗ್ಗೆ ಪೈಪು ಹಿಡಿಯುವುದು. ನೆತ್ತಿಯ ಮೇಲೆ ನೀರು ಬಿದ್ದರೆ ಮೊಗ್ಗುಗಳ ನಡುವೆ ನಿಂತು ಬೂದು ಬೂಷ್ಟು ಹಿಡಿಯುತ್ತದೆ. ತಟ್ಟೆಗೆ ನೀರು ಹಾಕಿ, ಕುಂಡ ಇಪ್ಪತ್ತು ನಿಮಿಷ ಕುಡಿಯಲಿ, ಉಳಿದದ್ದನ್ನು ಚೆಲ್ಲಿ. ಕುಂಡ ಎತ್ತಿ ನೋಡಿ ಹಗುರವಾಗಿದ್ದರೆ ಮಾತ್ರ ಮತ್ತೆ. ಬಾಡಿದ ಹೂವನ್ನು ಕತ್ತರಿಯಲ್ಲಿ ಕತ್ತರಿಸಬೇಡಿ. ದಂಟಿನ ಬುಡ ಹಿಡಿದು ತಿರುಚಿ ಎಳೆದರೆ ಪೂರ್ತಿ ಕಳಚಿ ಬರುತ್ತದೆ. ಕತ್ತರಿಸಿದರೆ ಉಳಿಯುವ ಮೋಟು ಕೊಳೆತು, ಆ ಕೊಳೆ ಗೆಡ್ಡೆಗೆ ಇಳಿಯುತ್ತದೆ. ಗೆಡ್ಡೆಯಲ್ಲಿ ವಿಷವಿದೆ, ಮಕ್ಕಳು ನಾಯಿಗಳು ಕಚ್ಚದಂತೆ ನೋಡಿಕೊಳ್ಳಿ. ಗೌರಿ ಹೂವಿನ ಗೆಡ್ಡೆಯ ವಿಷ ಇದಕ್ಕಿಂತಲೂ ಘೋರ, ಅದನ್ನು ಬೇಲಿಯಲ್ಲಿಟ್ಟುಕೊಂಡು ಬದುಕಿದವರು ನಾವು ಎಂಬುದು ಬೇರೆ ಮಾತು.

ಮಾರ್ಚಿನಲ್ಲಿ ಎಲೆ ಹಳದಿಯಾಗುವುದು ರೋಗವಲ್ಲ. ಆಗ ಗೊಬ್ಬರ, ನೀರು ಸುರಿಯುವುದು ಬಿಟ್ಟು, ಎಲೆ ಪೂರ್ತಿ ಒಣಗಿದ ಮೇಲೆ ಕುಂಡವನ್ನು ಅಡ್ಡ ಮಲಗಿಸಿ ಮಳೆ ತಾಗದ ಕಡೆ ಇಡಬೇಕು. ಇಲ್ಲೊಂದು ವಿಷಯ ಗಮನಿಸಿದ್ದೇನೆ. ಸಿಮೆಂಟ್ ಮನೆಯಲ್ಲಿ ಇಟ್ಟವು ಮೇ ಮುಗಿಯುವಷ್ಟರಲ್ಲಿ ಒಣ ಅಡಿಕೆಯಷ್ಟಾಗಿ ಹೋಗುತ್ತವೆ. ಮಣ್ಣಿನ ಮಾಳಿಗೆಯ ಹಳೆಯ ಮನೆಯ ಕತ್ತಲೆ ಕೋಣೆಯಲ್ಲಿ ಮಡಕೆಗೆ ಒಣ ಮರಳು ಹಾಕಿ ಇಟ್ಟವುಗಳಲ್ಲಿ ಕೆಲವು ಅಕ್ಟೋಬರಿನಲ್ಲಿ ಮೂತಿ ತೋರಿಸುತ್ತವೆ. ಎರಡನೇ ವರ್ಷದ ಹೂ ಸಣ್ಣದು, ಸಂಖ್ಯೆಯೂ ಕಡಿಮೆ. ದುಡ್ಡಿನ ಲೆಕ್ಕಕ್ಕೆ ಹೊಸ ಕುಂಡ ಕೊಳ್ಳುವುದೇ ಸರಿ. ಬೀಜದಿಂದ ಬೆಳೆಸುತ್ತೇನೆ ಎನ್ನುವವರಿಗೂ ಹೇಳುತ್ತೇನೆ: ಪೂರ್ತಿ ಕತ್ತಲೆ, 15–18 ಡಿಗ್ರಿ ಒಂದು ತಿಂಗಳಿಗೂ ಹೆಚ್ಚು ಬೇಕು, ಹೂ ಬರಲು ವರ್ಷದ ಮೇಲೆ ಹಿಡಿಯುತ್ತದೆ, ಆ ನಡುವೆ ನಮ್ಮದೊಂದು ಬೇಸಿಗೆ ದಾಟಬೇಕು. ಊಟಿಯವರು ಮಾಡಲಿ.

ಕೊಳ್ಳಲು ಹೊರಟವರು ನವೆಂಬರಿಗೆ ಆತುರ ಪಡಬೇಡಿ, ಡಿಸೆಂಬರ್ ಎರಡನೇ ವಾರ ಕಳೆಯಲಿ. ಪೂರ್ತಿ ಅರಳಿ ನಿಂತದ್ದನ್ನು ಅಂಗಡಿಯವನು ಮುಂದಿಡುತ್ತಾನೆ, ಅದನ್ನು ಬಿಡಿ. ಹೂ ನಾಲ್ಕೇ ಇದ್ದು, ಎಲೆ ಸರಿಸಿ ನೋಡಿದಾಗ ಬುಡದಲ್ಲಿ ಮೊಗ್ಗು ಒತ್ತೊತ್ತಾಗಿ ಕಾಣುವುದನ್ನು ಆರಿಸಿ. ಗೆಡ್ಡೆಯ ನೆತ್ತಿಯನ್ನು ಬೆರಳಿನಿಂದ ಒತ್ತಿ ನೋಡಿ, ಗಟ್ಟಿ ಇರಬೇಕು. ಒತ್ತಲು ಅಂಗಡಿಯವನು ಬಿಡದಿದ್ದರೆ ಪಕ್ಕದ ಅಂಗಡಿಗೆ ಹೋಗಿ.